ನಿಗದಿ ಬೆಲೆ

ನಮ್ಮಮ್ಮ ಔನೆ ವಾರವಿಡೀ ಹಲ್ಲು ಮಾಡುತ್ತಾಳೆ,
ಈಸಲ್ಮಿಯ ಮುದುಕರ ಬಾಯಿಗೆ.
ಆ ಚಳಿಗಾಲ ಅವಳ ಸಣ್ಣ ಗ್ರೈಂಡರು
ಕೈಚೀಲದಲ್ಲಿ ಕೂತು ಮನೆಗೆ ಬಂತು.

ಅಡಿಗೆಮನೆ ಮೇಜಿಗೆ ಹಳೇ ಪೇಪರು ಹಾಸಿ,
ರೈ ರೊಟ್ಟಿಯ ತಟ್ಟೆಯನ್ನು ಕಿಟಕಿಗೆ ಸರಿಸಿ,
ನಮ್ಮ ಕೊರೊಲ್ಲಾದ ಥ್ರಾಟಲ್ ಬಾಡಿಯನ್ನು
ಅಂಗಾತ ಮಲಗಿಸಿದಳು.
"ಬೆರಳಿಡು, ವಿಯೆನೋ."
ಇಟ್ಟೆ. ತಗುಲಿತು:
ಎರಕದವನು ಹಾಗೇ ಬಿಟ್ಟುಹೋದ ಅಂಚು,
ಗಂಟಲೊಳಗೊಂದು ಹೊಸ್ತಿಲು.
ಗಾಳಿ ಪ್ರತಿಸಲವೂ ಅಲ್ಲಿ ಎಡವಿ
ಸಾವರಿಸಿಕೊಂಡು ಒಳಹೋಗಬೇಕು.

ಹೊರಗೆ ಮೈನಸ್ ಇಪ್ಪತ್ತಾರು.

ಮೊದಲನೆಯದು ಹಾಳಾಯಿತು.
ಗುಜರಿಯಿಂದ ತಂದದ್ದು, ಪುಣ್ಯಕ್ಕೆ.
ತಟ್ಟೆ ಬಂದು ಕೂರುವ ಜಾಗವನ್ನೇ
ಕೂದಲೆಳೆಯಷ್ಟು ಉಜ್ಜಿಬಿಟ್ಟಿದ್ದಳು.
ದೀಪಕ್ಕೆ ಹಿಡಿದರೆ
ಮುಚ್ಚಿದ ಮೇಲೂ ಬದಿಯಲ್ಲಿ ಬಿದಿಗೆ ಚಂದ್ರ.
ಎಂಜಿನ್ನಿಗೆ ಕೂರಿಸಿದೆವು, ನೋಡೇಬಿಡೋಣ ಅಂತ.
ಕಾಲು ತೆಗೆದರೂ ಬೊಬ್ಬೆ ನಿಲ್ಲಿಸಲಿಲ್ಲ,
ಹಟಕ್ಕೆ ಬಿದ್ದ ಮಗುವಿನ ಹಾಗೆ.

"ಹಲ್ಲಿನದೂ ಇದೇ ಕತೆ," ಅಂದಳು.
"ಜನ ಮಾಡಿಸಿಕೊಳ್ಳೋದು ನಗೋದಕ್ಕೆ.
ಬಾಯಿ ಮುಚ್ಚಿದಾಗ ಹೇಗೆ ಕೂತಿದೆ ಅಂತ
ನೋಡೋಳು ನಾನೊಬ್ಬಳೇ."

ಎರಡನೆಯದಕ್ಕೆ ಫೆಬ್ರವರಿ ಪೂರ್ತಿ ಹಿಡಿಯಿತು.
ತಟ್ಟೆಯ ಜಾಗಕ್ಕೆ ಟೇಪು ಸುತ್ತಿ, ಮುಟ್ಟದೆ,
ಮೇಲಿನ ತುಟಿಯನ್ನು ಆಲಿಕೆಯ ಹಾಗೆ ಇಳಿಜಾರು ಮಾಡಿ,
ಅಡ್ಡ ನಿಂತ ಕಡ್ಡಿಯ ಎರಡೂ ಮಗ್ಗುಲು ಸವೆಸಿ,
ಉಪ್ಪುಕಾಗದ: ಒರಟು, ನಯ, ಇನ್ನೂ ನಯ.
ಪುಟಾಣಿ ಸ್ಕ್ರೂ ಎರಡಕ್ಕೂ ಅಂಟು ಹಚ್ಚುವಾಗ
ಮಾತಾಡಿಸಬೇಡ ಅಂದಳು.
ಒಂದು ಉದುರಿದರೂ ಎಂಜಿನ್ನು ನುಂಗುತ್ತೆ,
ನುಂಗಿದ್ದು ಅರಗಲ್ಲ.

ಅಪ್ಪ ಬೆಣ್ಣೆಯಲ್ಲಿ ಅಲ್ಯುಮಿನಿಯಂ ಮಿನುಗು ಕಂಡು
ಏನೂ ಅನ್ನದೆ
ಆ ಬದಿ ಕೆರೆದು ಹಾಕಿ ತಿಂದ.

"ಇಷ್ಟೆಲ್ಲ ಮಾಡಿ ಎಷ್ಟು ಹೆಚ್ಚಿತು?"
ಕಲೆರ್ವೋ ಮಾವ ಕೇಳಿದ.
ಎರಡು ಕುದುರೆ ಇರಬಹುದು.
ಅಥವಾ ಒಂದು ಕುದುರೆ, ಅದರ ಮರಿ.
ನನ್ನ ಪಾದಕ್ಕೆ ಗೊತ್ತಾದದ್ದು ಬೇರೆ:
ಮೊದಲೆಲ್ಲ ಪೆಡಲು ಒತ್ತಿದರೆ
"ಆಂ?" ಅಂತ ಕೇಳಿ ಆಮೇಲೆ ಓಡುತ್ತಿತ್ತು.
ಈಗ ಕೇಳಲಿಲ್ಲ.

ಮೇ ತಿಂಗಳು. ಜಲ್ಲಿ, ಕೆಸರು, ಎಂಟು ಸುತ್ತು.
ನಾನು ನಾಲ್ಕನೆಯವಳು.

ಈ ರೇಸಿಗೆ ಒಂದು ಕಾನೂನಿದೆ:
ಓಡಿದ ಕಾರನ್ನು ಸಂಜೆ ಯಾರು ಕೇಳಿದರೂ
ನಿಗದಿ ಬೆಲೆಗೆ ಕೊಟ್ಟುಬಿಡಬೇಕು.
ಇಲ್ಲ ಅನ್ನುವ ಹಾಗಿಲ್ಲ.
ಯಾರೂ ಕಾರಿಗೆ ದುಡ್ಡು ಸುರಿಯದಿರಲಿ ಅಂತ.
ಚಳಿಗಾಲ ಸುರಿಯಬಾರದು ಅಂತ
ಎಲ್ಲೂ ಬರೆದಿಲ್ಲ.

ಮೂರು ಚೀಟಿ ಬಿದ್ದವು. ಎತ್ತಿದರು.
ಸುವೊನೆನ್ಯೊಕಿಯ ಹುಡುಗ, ಎಲ್ಯಾಸ್,
ಬಿಸಿಲಿಗೆ ಕೆಂಪಾದ ಕತ್ತು.
ಬಾನೆಟ್ ಎತ್ತಿಯೂ ನೋಡಲಿಲ್ಲ,
ಟಯರಿಗೊಂದು ಒದ್ದ, ಅಷ್ಟೆ.

ಅಮ್ಮ ಅವನ ಕಿಟಕಿಗೆ ಬಗ್ಗಿದಳು.
ಹೇಳುತ್ತಾಳೆ ಅಂದುಕೊಂಡೆ:
ಹೊಸ್ತಿಲು, ಬಿದಿಗೆ ಚಂದ್ರ, ಬೆಣ್ಣೆ, ಎಲ್ಲ.
ಹೇಳಿದ್ದು ಇಷ್ಟು:
"ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಪೆಡಲು ತುಳೀಬೇಡ.
ತಾನೇ ಉಸಿರು ತಗೊಳ್ಳುತ್ತೆ. ಬಿಡು."
ಹುಡುಗ ತಲೆಯಾಡಿಸಿದ,
ಯಾರದೋ ಅಮ್ಮಂದಿರಿಗೆ ಆಡಿಸುವ ಹಾಗೆ.

ವಾಪಸು ಬರುವಾಗ
ಖಾಲಿ ಟ್ರೇಲರು ಹಿಂದೆ
ಪ್ರತಿ ಉಬ್ಬಿಗೂ ಹಲ್ಲು ಕಡಿಯುತ್ತಿತ್ತು.
ದುಡ್ಡಿನ ಲಕೋಟೆ ಅಪ್ಪನ ಜೇಬಲ್ಲಿ.
ಲಾಪಿನ್‌ಲಾಹ್ತಿ ದಾಟುವವರೆಗೂ ಅಮ್ಮ
ಹೆಬ್ಬೆರಳಿಂದ ತೋರುಬೆರಳ ತುದಿಯನ್ನು
ಸುಮ್ಮನೆ ಉಜ್ಜುತ್ತ ಕೂತಿದ್ದಳು,
ಯಾವುದೋ ಅಂಚು
ಇನ್ನೂ ತಗಲುತ್ತಿದೆಯೋ ಎಂಬಂತೆ.